ಪಹಣಿಯಲ್ಲಿ ಹೆಸರಿಲ್ಲದ ರೈತ

ಬೀದರ್ ನಗರಕ್ಕೆ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸುತ್ತ ಇಂದಿಗೂ ಹೊಲಗಳಿವೆ. ದೊರೆಗಳು ಮಣ್ಣಾಗಿ ಶತಮಾನಗಳೇ ಉರುಳಿದವು. ಹೊಲಗಳ ಒಡೆತನ ಕೈಯಿಂದ ಕೈಗೆ ಹೋಯಿತು. ಬಿತ್ತುವ ಕೈಗಳು ಮಾತ್ರ ವಿಶ್ರಮಿಸಿಲ್ಲ. ಆ ಕೈಗಳನ್ನು ನಮ್ಮ ಸರಕಾರಗಳು 'ರೈತ' ಎಂದು ಗುರುತಿಸುತ್ತವೆಯೇ?

ಸಹಾಯಧನದ ನಿಯಮಗಳು ಪದೇಪದೇ ಬದಲಾಗುತ್ತವೆ. 2014ರಲ್ಲಿ ಕೃಷಿ ಹೊಂಡಗಳಿಗಾಗಿ ಕೃಷಿಭಾಗ್ಯ ಬಂದಿತು, 2015ರಲ್ಲಿ ಮಣ್ಣಿನ ಆರೋಗ್ಯ ಚೀಟಿ, 2016ರಲ್ಲಿ ಫಸಲ್ ಬಿಮಾ, 2019ರಲ್ಲಿ ವರ್ಷಕ್ಕೆ 6,000 ರೂಪಾಯಿಗಳ ಕಿಸಾನ್ ಸಮ್ಮಾನ್. ಅದಕ್ಕೆ ರಾಜ್ಯ ಸರಕಾರ ಸೇರಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಏನೇ ಬದಲಾದರೂ ಮೊದಲ ಪ್ರಶ್ನೆ ಒಂದೇ: ಪಹಣಿ ಯಾರ ಹೆಸರಿನಲ್ಲಿದೆ?

ಲಾವಣಿಗೋ ಪಾಲಿಗೋ ಹೊಲ ಮಾಡುವವರ ಬಳಿ ಇದಕ್ಕೆ ಉತ್ತರವಿಲ್ಲ. ಭಾಲ್ಕಿ, ಔರಾದ್‌ಗಳ ಹಳ್ಳಿಗಳಲ್ಲಿಯೂ, ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿಯೂ ಇಂಥವರಿದ್ದಾರೆ. 2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ಅತಿವೃಷ್ಟಿಯಲ್ಲಿ ಜಿಲ್ಲೆಯ ಉದ್ದು, ಹೆಸರು, ಸೋಯಾ ಬೆಳೆಗಳು ನೀರುಪಾಲಾದವು. ಬೀಜ, ಗೊಬ್ಬರಗಳ ಸಾಲ ಹೊತ್ತವನು ಒಬ್ಬ. ಪರಿಹಾರದ ಹಣ ಜಮೆಯಾಗುವುದು ಇನ್ನೊಬ್ಬನ ಖಾತೆಗೆ. ಇದು ನ್ಯಾಯವೇ?

ಇದರ ಮೂಲವನ್ನು ಅರಿಯಬೇಕು. 1974ರ ಭೂಸುಧಾರಣಾ ತಿದ್ದುಪಡಿ ಅಸಂಖ್ಯ ಗೇಣಿದಾರರನ್ನು ಹೊಲದೊಡೆಯರನ್ನಾಗಿಸಿತು. ಆ ಉಪಕಾರವನ್ನು ಮರೆಯಲಾಗದು. ಅದೇ ಕಾನೂನು ಗೇಣಿಯನ್ನು ನಿಷೇಧಿಸಿತು. ಗೇಣಿ ಅಳಿಯಲಿಲ್ಲ, ಕಾಗದದಿಂದ ಮರೆಯಾಗಿ ಬಾಯಿಮಾತಿಗೆ ಇಳಿಯಿತು. ಬಾಯಿಮಾತಿನ ರೈತನಿಗೆ ಬ್ಯಾಂಕಿನ ಸಾಲವೂ ಇಲ್ಲ, ವಿಮೆಯೂ ದುರ್ಲಭ.

ಈ ಅನ್ಯಾಯದ ಬೆಲೆಯನ್ನು ಮಣ್ಣು ಕೂಡ ತೆರುತ್ತಿದೆ. ಒಡ್ಡು ಹಾಕುವುದು, ತಿಪ್ಪೆಗೊಬ್ಬರ ಹರಡುವುದು, ಬೆಳೆ ಬದಲಿಸುವುದು ಹಲವು ವರ್ಷಗಳ ನಂತರ ಫಲ ಕೊಡುವ ಕೆಲಸಗಳು. ಬರುವ ಯುಗಾದಿಗೆ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ಎಂದರಿಯದವನು ಇವನ್ನು ಏಕೆ ಮಾಡಿಯಾನು? ಅವನು ಸೋಯಾ ಬಿತ್ತಿ, ಕೈಗೆ ಬಂದಷ್ಟು ಪಡೆದು ಹೊರಡುತ್ತಾನೆ. ಮಣ್ಣಿನ ಸಂರಕ್ಷಣೆಗೆಂದು ಬರುವ ಹಣ ಮಣ್ಣನ್ನು ಮುಟ್ಟದವನಿಗೆ ಸಂದರೆ, ಮಣ್ಣು ಉಳಿಯುವುದೆಂತು?

"ಬರೆದುಕೊಟ್ಟರೆ ಹೊಲವೇ ಹೋದೀತು" ಎಂದು ಒಡೆಯರು ಅಂಜುತ್ತಾರೆ. 1974ರ ನೆನಪಿರುವವರಿಗೆ ಈ ಅಂಜಿಕೆ ಸಹಜ. ಆದರೆ ಅದಕ್ಕೆ ಪರಿಹಾರವೂ ಇದೆ. ಆಂಧ್ರಪ್ರದೇಶ 2019ರ ಕಾನೂನಿನ ಮೂಲಕ ಸಾಗುವಳಿದಾರರಿಗೆ ಹನ್ನೊಂದು ತಿಂಗಳ ಹಕ್ಕುಪತ್ರ ನೀಡಿತು. ಒಡೆತನಕ್ಕೆ ಅದರಿಂದ ಧಕ್ಕೆಯಿಲ್ಲ. ಒಡೆಯರ ಸಹಿ ಬೇಕೆಂಬುದೇ ಅದರ ಕೊರತೆ. ಸಹಿ ಹಾಕಲು ಹಲವರು ಹಿಂಜರಿಯುತ್ತಾರೆ. ಕರ್ನಾಟಕವು ಆ ಕೊರತೆಯನ್ನು ನೀಗಿಸಿ, ಸಾಗುವಳಿದಾರನ ಹೆಸರನ್ನು ಗ್ರಾಮಸಭೆಯ ಮುಂದೆ ದಾಖಲಿಸುವ ಕಾನೂನನ್ನು ತರಬೇಕು.

ಸರಕಾರವನ್ನು ದೂರಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಭೂಮಿ ದೇವರದು, ನಾವೆಲ್ಲ ಅದರ ಮೇಲೆ ತಂಗಿರುವ ಪರದೇಶಿಗಳು, ಒಕ್ಕಲುಗಳು ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಬೋಧಿಸುತ್ತದೆ. ಪಹಣಿಯಲ್ಲಿ ಹೆಸರುಳ್ಳವನೂ ದೇವರ ಗೇಣಿದಾರನೇ! 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ಕಲಿಸಿದರು.

ಹೊಲವುಳ್ಳ ಭಕ್ತಾದಿಗಳೇ, ನಿಮ್ಮ ಖಾತೆಗೆ ಬಂದ ಬೆಳೆಹಾನಿ ಪರಿಹಾರವನ್ನು ಬಿತ್ತಿದವನಿಗೆ ಒಪ್ಪಿಸಿರಿ; ಅದು ದಾನವಲ್ಲ, ಋಣ. ಸಹಾಯಧನವನ್ನು ಅದೇ ಹೊಲದ ಒಡ್ಡಿಗೆ ವಿನಿಯೋಗಿಸಿರಿ. ವರ್ಷಕ್ಕೊಬ್ಬನನ್ನು ಬದಲಿಸಬೇಡಿರಿ. ಬಲಿಪೂಜೆಯಲ್ಲಿ ಭೂಮಿಯ ಹಾಗೂ ಮಾನವ ದುಡಿಮೆಯ ಫಲವಾದ ರೊಟ್ಟಿಯನ್ನು ಅರ್ಪಿಸುವ ನಾವು, ಆ ದುಡಿಮೆ ಯಾರದೆಂದು ಕೇಳದೆ ಪೀಠದ ಮುಂದೆ ನಿಲ್ಲಲಾಗದು.