ಕಂಬ ಗಟ್ಟಿಯಿದ್ದರೆ ಸಾಲದು, ಕಾಲಡಿಯ ಮಣ್ಣನ್ನೂ ಕೇಳಿ

ಹೊಸ ಸೇತುವೆ ಉದ್ಘಾಟನೆಯಾದಾಗ ಉದ್ದವೆಷ್ಟು, ಖರ್ಚೆಷ್ಟು ಎಂದು ಎಲ್ಲರೂ ಕೇಳುತ್ತೇವೆ. ಕಂಬದ ಕೆಳಗೆ ಎಂಥ ಮಣ್ಣಿದೆ ಎಂದು ಕೇಳುವವರು ವಿರಳ. ಭೂಕಂಪವಾದಾಗ ಸೇತುವೆಯ ಹಣೆಬರಹ ಬರೆಯುವುದರಲ್ಲಿ ಆ ಮಣ್ಣಿನ ಪಾಲು ದೊಡ್ಡದು.

1964ರ ಜೂನ್ 16ರಂದು ಜಪಾನಿನ ನಿಗಾಟ ನಗರದಲ್ಲಿ ನೆಲ ನಡುಗಿತು. ಸುಮಾರು ಒಂದು ತಿಂಗಳ ಹಿಂದಷ್ಟೇ ಮುಗಿದಿದ್ದ ಶೋವಾ ಸೇತುವೆಯ ಐದು ಅಂಕಣಗಳು ನದಿಗೆ ಬಿದ್ದವು. ನೀರು ತುಂಬಿದ ಸಡಿಲ ಮರಳನ್ನು ಕುಲುಕಿದರೆ ಕಣಗಳ ನಡುವಿನ ನೀರಿನ ಒತ್ತಡ ಏರಿ, ಮರಳು ಗಂಜಿಯಂತಾಗುತ್ತದೆ. ಪೈಲ್‌ಗಳನ್ನು ಹಿಡಿದಿದ್ದ ಆಸರೆ ಹಾಗೆ ತಪ್ಪಿತ್ತು. ಅದೇ ನದಿಯ ಮೇಲಿನ 1929ರ ಬಂದಾಯ್ ಸೇತುವೆ ನಿಂತೇ ಇತ್ತು.

ಮೆತ್ತನೆಯ ನೆಲ ಹಾಸಿಗೆಯಂತೆ ಪೆಟ್ಟು ತಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಮೇಲ್ಸೇತುವೆ ಕುಸಿದು 42 ಜನ ಸತ್ತರು. ಕಂಪನದ ಕೇಂದ್ರ ಇದ್ದದ್ದು ಹತ್ತಿರದಲ್ಲಲ್ಲ, ಹಲವು ಹತ್ತು ಕಿಲೋಮೀಟರ್ ಆಚೆ. ಕಂಬದ ಸಂದುಗಳಲ್ಲಿ ಕಬ್ಬಿಣ ಸಾಲದ್ದು ಒಂದು ಕಾರಣ; ಕೊಲ್ಲಿಯ ಮೆತ್ತನೆಯ ಕೆಸರು ಅಲುಗಾಟವನ್ನು ಹಿಗ್ಗಿಸಿದ್ದು ಇನ್ನೊಂದು. ಗಟ್ಟಿ ನೆಲದ ಮೇಲಿದ್ದ ಭಾಗ ಉಳಿಯಿತು. ನಿಧಾನವಾಗಿ ತೂಗುವ ರಚನೆಗಳಿಗೆ ಬಂಡೆಗಿಂತ ಮೆತ್ತನೆಯ ಮಣ್ಣಿನಲ್ಲಿ 1.67 ಪಟ್ಟು ಹೆಚ್ಚು ಬಲ ಲೆಕ್ಕ ಹಿಡಿಯಬೇಕೆಂದು ಭಾರತದ ಐಎಸ್ 1893 ಸಂಹಿತೆ ಹೇಳುವುದು ಇದಕ್ಕೇ. ಅಡಿಪಾಯ ಸ್ವಲ್ಪ ಬಳುಕಿದರೆ ಕಂಬದ ಮೇಲಿನ ಬಲ ಕೆಲವೊಮ್ಮೆ ತಗ್ಗುವುದೂ ನಿಜ. ಆದರೆ ತೊಲೆ ಹೆಚ್ಚು ಜರುಗುತ್ತದೆ. ಕೂತಿರುವ ಜಾಗ ಕಿರಿದಾಗಿದ್ದರೆ ಜಾರಿ ಬೀಳುತ್ತದೆ.

ದೆಹಲಿಯಲ್ಲಿ ಮಣ್ಣು ಪರೀಕ್ಷೆಯೇ ನನ್ನ ಕಸುಬು. ನಮ್ಮ ಬಯಲುಸೀಮೆಯಲ್ಲಿ ಎಷ್ಟೋ ಕಡೆ ನಾಲ್ಕಡಿ ಅಗೆದರೆ ಬಂಡೆ ಸಿಗುತ್ತದೆ. ಯಮುನೆಯ ಪಾತ್ರದಲ್ಲಿ ಎಷ್ಟು ಕೊರೆದರೂ ಮರಳು, ಹೂಳು. ಟೆಂಡರ್‌ನಲ್ಲಿ ಖರ್ಚು ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಬೋರ್ ಪರೀಕ್ಷೆಗೆ. ಎರಡು ಕಡೆ ಕೊರೆದು ನಡುವಿನದನ್ನು ಅಂದಾಜಿಸುವುದು ಉಳಿತಾಯವಲ್ಲ, ಜೂಜು.

ಕರ್ನಾಟಕದಲ್ಲಿ ಭೂಕಂಪದ ಭಯ ದೆಹಲಿಯಷ್ಟಿಲ್ಲ, ಒಪ್ಪುತ್ತೇನೆ. ಆದರೆ ಕರಾವಳಿಯ ಅಳಿವೆಗಳಲ್ಲಿ ಬಂಡೆಯ ಮೇಲೆ ಹೂಳು, ಮರಳು ಕೂತಿರುತ್ತದೆ. ಮಳೆಗಾಲದ ಪ್ರವಾಹ ಕಂಬದ ಬುಡದ ಮರಳನ್ನು ಕೊಚ್ಚಿದರೆ ಅಡಿಪಾಯದ ಹಿಡಿತವೂ ಅಷ್ಟು ಕಡಿಮೆ. ಮುಂದೆ ಸಣ್ಣ ಕಂಪನವೂ ಅದಕ್ಕೆ ಭಾರವಾದೀತು.

ಹಾಗಾಗಿ ಬೇಡಿಕೆ ಮೂರೇ. ಪ್ರತಿ ಕಂಬದ ಜಾಗದಲ್ಲೂ ಬೋರ್ ಪರೀಕ್ಷೆಯಾಗಲಿ. ಪ್ರತಿ ಮಳೆಗಾಲದ ನಂತರ ನೀರಡಿಯ ಕೊರೆತ ಅಳೆಯಲಿ. ಆ ವರದಿಗಳು ಕಡತದಲ್ಲಿ ಮಲಗದೆ ಸಾರ್ವಜನಿಕರಿಗೆ ಸಿಗಲಿ. ಉದ್ಘಾಟನೆಯ ಫಲಕದ ಮೇಲೆ ಎಷ್ಟೋ ಹೆಸರುಗಳಿಗೆ ಜಾಗವಿರುತ್ತದೆ. ಅಡಿಪಾಯದ ಆಳಕ್ಕೂ ಒಂದು ಸಾಲು ಸಿಗಲಿ.