ಕಿರೀಟವೂ ಗೆಳೆತನವೂ

ಗೆಳೆಯನೇ ಗೆಳೆಯನಿಗೆ ತಲೆಬಾಗಬೇಕಾಗಿ ಬಂದರೆ ಆ ಗೆಳೆತನದಲ್ಲಿ ಉಳಿಯುವುದೇನು? ಕಿಪ್ಲಿಂಗ್ 1888ರಲ್ಲಿ ಬರೆದ ಕಥೆಯನ್ನು ಆಧರಿಸಿ ಜಾನ್ ಹ್ಯೂಸ್ಟನ್ 1975ರಲ್ಲಿ ನಿರ್ದೇಶಿಸಿದ 'ದಿ ಮ್ಯಾನ್ ಹೂ ವುಡ್ ಬಿ ಕಿಂಗ್' ಎಂಬ ಇಂಗ್ಲಿಷ್ ಚಿತ್ರ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಡ್ರಾವಟ್ ಮತ್ತು ಪೀಚಿ ಎಂಬಿಬ್ಬರು ಬ್ರಿಟಿಷ್ ಸೈನ್ಯ ಬಿಟ್ಟ ಸಾಹಸಿಗರು. ಅಫಘಾನಿಸ್ಥಾನದ ಬೆಟ್ಟಗಳಾಚೆಯ ಕಾಫಿರಿಸ್ಥಾನದಲ್ಲಿ ರಾಜರಾಗಲು ಹೊರಡುತ್ತಾರೆ. ಕೆಲಸ ಕೈಗೂಡುವ ತನಕ ಮದ್ಯ ಮುಟ್ಟುವುದಿಲ್ಲ, ಹೆಣ್ಣಿನತ್ತ ನೋಡುವುದಿಲ್ಲ, ಕಷ್ಟದಲ್ಲಿ ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದು ಕರಾರು ಬರೆದು ರುಜು ಹಾಕುತ್ತಾರೆ. ಎದೆಗೆ ಬಾಣ ತಗುಲಿದರೂ ಡ್ರಾವಟನಿಗೆ ರಕ್ತ ಬರಲಿಲ್ಲ. ಬಾಣ ತೋಟಾಪಟ್ಟಿಗೆ ನಾಟಿತ್ತು. ಜನ ಅವನನ್ನು ದೇವರೆಂದು ನಂಬಿದರು. ಕೊನೆಗೆ ಅವನೇ ನಂಬಿದ! ಗೆಳೆಯನಿಗೂ ತಲೆಬಾಗಲು ಹೇಳಿದ. ಸಿಕ್ಕಿದ್ದನ್ನು ಕಟ್ಟಿಕೊಂಡು ಹೋಗೋಣವೆಂದ ಪೀಚಿಯ ಮಾತು ಅವನ ಕಿವಿಗೆ ಬೀಳಲಿಲ್ಲ. ಮದುವೆಯ ದಿನ ಹೆಣ್ಣು ಕಚ್ಚಿ ರಕ್ತ ಹರಿಯಿತು, ದೇವರು ಮನುಷ್ಯನಾದ. ಸಾಯುವ ಮುಂಚೆ ಡ್ರಾವಟ್ ಕ್ಷಮೆ ಕೇಳಿದ, ಪೀಚಿ ಕ್ಷಮಿಸಿದ. ಕಿರೀಟವಿದ್ದ ಗೆಳೆಯನ ತಲೆಯನ್ನೇ ಹೊತ್ತು ಹಿಂದಕ್ಕೆ ಬಂದ.

ಪೀಚಿಯ ನಿಷ್ಠೆ ದೊಡ್ಡದು, ಅಲ್ಲವೆನ್ನುವುದಿಲ್ಲ. ಆದರೆ ಯಾವುದಕ್ಕಾಗಿ ಆ ನಿಷ್ಠೆ? ಪರರ ನೆಲ ಕಸಿಯುವ ಪಾಲುದಾರಿಕೆಗೆ. ಕುಂಪಣಿ ಸರಕಾರ ದೊಡ್ಡದಾಗಿ ಮಾಡಿದ್ದನ್ನೇ ಇವರಿಬ್ಬರು ಸಣ್ಣದಾಗಿ ಮಾಡಿದರು.

ಇದರ ಪಕ್ಕದಲ್ಲಿ ನಮ್ಮ ನಾಡಿನದೇ ಒಂದು ಗೆಳೆತನವನ್ನಿಟ್ಟು ನೋಡೋಣ. ವಿಜಯನಗರ, ಮಾಗಡಿ ರಸ್ತೆಗಳ ಜನ ದಿನವೂ ಹಾದುಹೋಗುವ ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. 2012ರಲ್ಲಿ ಅವನ ಚಿತ್ರವೂ ಬಂದಿತು; ನಮ್ಮಲ್ಲಿ ಅನೇಕರು ನೋಡಿದ್ದಾರೆ. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ರಾಯಣ್ಣ ಬ್ರಿಟಿಷರ ವಿರುದ್ಧ ಕಾದಿದ. ಅವನಿಗೂ ಆಕಾಂಕ್ಷೆಯಿತ್ತು, ಆದರೆ ಕಿರೀಟವನ್ನು ತನ್ನ ತಲೆಗೆ ಬೇಡಲಿಲ್ಲ. ಕಿತ್ತೂರಿನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕೆಂದ. 1830ರಲ್ಲಿ ಜೊತೆಗಿದ್ದವರೇ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಧ್ಯೇಯ ಒಳ್ಳೆಯದಾಗಿದ್ದ ಮಾತ್ರಕ್ಕೆ ದ್ರೋಹ ದೂರವಿರುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಆದರೂ ಒಬ್ಬ ಗೆಳೆಯ ಉಳಿದ. ಬಿಚ್ಚುಗತ್ತಿ ಚನ್ನಬಸಪ್ಪ ವೇಷ ಮರೆಸಿಕೊಂಡು ಬಂದು ರಾಯಣ್ಣನ ಸಮಾಧಿಯ ಮೇಲೆ ಆಲದ ಸಸಿ ನೆಟ್ಟನೆಂದು ಜನ ಹೇಳುತ್ತಾರೆ. ಆ ಆಲ ಹೆಮ್ಮರವಾಗಿದೆ. ಅಲ್ಲಿ ತಲೆಬಾಗುವವರಿಗೆ ಯಾರ ಅಪ್ಪಣೆಯೂ ಇಲ್ಲ.

ಕಾರ್ಮಿಕ ಬಂಧುಗಳೆ, ವರ್ತಕ ಮಿತ್ರರೆ! ಕಾಮಾಕ್ಷಿಪಾಳ್ಯದಲ್ಲಿ ಇಬ್ಬರು ಸೇರಿ ಒಂದು ಲೇತ್ ಹಾಕಿದರೂ, ಗಿರಣಿಯಲ್ಲಿ ನಾಲ್ವರು ಕೂಡಿ ಸಂಘ ಕಟ್ಟಿದರೂ ಈ ಗಂಡಾಂತರ ಇದ್ದೇ ಇದೆ. ಮೊದಲು ಒಂದೇ ಲೋಟದ ಚಹಾ ಇಬ್ಬರಿಗೆ. ಆಮೇಲೆ ಒಬ್ಬನಿಗೆ ಕುರ್ಚಿ, ಒಬ್ಬನಿಗೆ ಬಾಗಿಲು. ಕರಾರುಪತ್ರ ಇದನ್ನು ತಡೆಯಲಾರದು. ಹಾರ ಬಿದ್ದ ಗೆಳೆಯನಿಗೆ "ಅಣ್ಣಾ, ನೀನು ದೇವರಲ್ಲ" ಎಂದು ಮೊದಲ ದಿನವೇ ಹೇಳಬೇಕು. ಹೇಳುವವನಿಗೆ ಧೈರ್ಯವಿರಬೇಕು, ಕೇಳುವವನಿಗೆ ಕಿವಿಯಿರಬೇಕು. ಪೀಚಿ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು.