ಅಚ್ಚಿನಲ್ಲಿ ಕನ್ನಡ, ಕಡತದಲ್ಲಿ ಕಗ್ಗ

ನಮ್ಮ ತ್ರೈಮಾಸಿಕದ ಕಳೆದ ಸಂಚಿಕೆಯಲ್ಲಿ ಹಿರಿಯ ಸದಸ್ಯರೊಬ್ಬರು ಪತ್ರಿಕೆ ನಡೆದುಬಂದ ದಾರಿಯನ್ನು ನೆನೆಯುತ್ತ, 1994ರಲ್ಲಿ ಗಣಕಯಂತ್ರ ಬಂದದ್ದರಿಂದಲೇ ಪತ್ರಿಕೆ ಉಳಿಯಿತೆಂದು ಬರೆದಿದ್ದಾರೆ. ಆ ಯಂತ್ರವನ್ನು ತಂದ ‘ಉತ್ಸಾಹಿ ತರುಣ ಅಧಿಕಾರಿ’ಯನ್ನು ಹೆಸರು ಹೇಳದೆ ಹೊಗಳಿಯೂ ಇದ್ದಾರೆ. ಆ ತರುಣ ನಾನೇ. ನಿವೃತ್ತಿಗೆ ಮೂರು ವರ್ಷ ಬಾಕಿಯಿರುವ ಈ ಹೊತ್ತಿನಲ್ಲಿ ಆ ಹೊಗಳಿಕೆಯನ್ನು ವಿನಯಪೂರ್ವಕವಾಗಿ ಹಿಂದಿರುಗಿಸಬೇಕಾಗಿದೆ. ಪತ್ರಿಕೆ ಉಳಿಯಿತೆಂಬುದು ಅರ್ಧ ಸತ್ಯ. ಅಚ್ಚಾದ ಕಾಗದ ಎಷ್ಟು ಮನೆಗಳಲ್ಲಿ ಉಳಿಯಿತೋ ಅಷ್ಟರಮಟ್ಟಿಗೆ ಉಳಿಯಿತು. ಗಣಕಯಂತ್ರದೊಳಗೆ ನಾವು ಇಟ್ಟದ್ದು ಕನ್ನಡವೇ ಆಗಿರಲಿಲ್ಲ. ಇದನ್ನು ಈಗಲೂ ಒಪ್ಪಿಕೊಳ್ಳದ ನಮ್ಮ ಸಂಪಾದಕ ಸಮಿತಿಯೊಡನೆ ನನಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ಅದನ್ನು ಈ ಪುಟಗಳಲ್ಲೇ ಹೇಳುವುದು ಉಚಿತವೆಂದು ತಿಳಿದಿದ್ದೇನೆ.

ಅದಕ್ಕೆ ಮೊದಲು ನಮ್ಮ ಪತ್ರಿಕೆ ಹೈದರಾಬಾದಿನ ಕಾಚಿಗುಡದ ಸಣ್ಣ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಅಲ್ಲಿನ ಫೋರ್‌ಮನ್ ತೆಲುಗರು. ಕನ್ನಡ ಮಾತನಾಡುವಾಗ ತಡವರಿಸುತ್ತಿದ್ದರು; ಆದರೆ ಒತ್ತಕ್ಷರದ ಒಂದು ಮೊಳೆಯನ್ನೂ ತಪ್ಪುತ್ತಿರಲಿಲ್ಲ. ನಮ್ಮ ತಲೆಕಟ್ಟಿಗೂ ಅವರ ತಲಕಟ್ಟಿಗೂ ಇರುವ ಅಂತರ ಅವರ ಬೆರಳಿಗೆ ಗೊತ್ತಿತ್ತು. ‘64 ಪುಟಕ್ಕೆ ಒಂದೂವರೆ ತಿಂಗಳಾದರೂ ಬೇಕು ಸಾರ್’ ಎಂದು ಅವರು ಅಂದಾಗಲೆಲ್ಲ ನನಗೆ ಅಸಹನೆ. ಯುಗಾದಿ ಸಂಚಿಕೆ ರಾಮನವಮಿಯ ಪಾನಕ ಮುಗಿದ ಮೇಲೆ ಬರುತ್ತಿತ್ತು. ಭವಿಷ್ಯನಿಧಿಯಿಂದ ಮುಂಗಡ ತೆಗೆದು ಮನೆಗೊಂದು ‘486’ ಗಣಕಯಂತ್ರ ಕೊಂಡೆ. ನೆನಪಿನ ಸಾಮರ್ಥ್ಯ 4 ಎಂಬಿ. ಈಗಿನ ಮಕ್ಕಳು ಈ ಸಂಖ್ಯೆಯನ್ನು ಕೇಳಿ ನಗುತ್ತಾರೆ, ನಗಲಿ. ಜೊತೆಗೆ ಒಂದು ಪುಟವಿನ್ಯಾಸದ ತಂತ್ರಾಂಶ; ಅದರ ಬೆನ್ನಿಗೆ ಸಂಘದ ಹಣದಲ್ಲಿ ಕೊಂಡ ಕನ್ನಡ ಫಾಂಟುಗಳ ಕಟ್ಟು. ಆ ಕಟ್ಟಿಗೊಂದು ಬೀಗವಿತ್ತು: ಮುದ್ರಕದ ತಂತಿ ಚುಚ್ಚುವ ಜಾಗಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ತುಂಡು. ಅದಿಲ್ಲದೆ ಒಂದಕ್ಷರವೂ ಮೂಡದು. ಫೋರ್‌ಮನ್ನರಿಗೆ ನಮಸ್ಕಾರ ಹೇಳಿ ಬಂದೆವು. ಅವರು ಏನೂ ಅನ್ನಲಿಲ್ಲ.

ಮೊದಲ ಸಂಚಿಕೆಯ ಅನುಭವವನ್ನು ಹಿರಿಯರು ‘ಹಬ್ಬ’ವೆಂದು ಕರೆದಿದ್ದಾರೆ. ಆ ಹಬ್ಬದ ಅಡಿಗೆಮನೆಯಲ್ಲಿ ಇದ್ದವನು ನಾನು. ತಂತ್ರಾಂಶ ರಾತ್ರಿಯಲ್ಲಿ ಮೂರು ಬಾರಿಯಾದರೂ ಕುಸಿಯುತ್ತಿತ್ತು. ಉಳಿಸದೇ ಇದ್ದ ಪುಟಗಳು ಅದರೊಡನೆ ಹೋಗುತ್ತಿದ್ದವು. ಹನ್ನೆರಡನೆಯ ಪುಟದಲ್ಲೊಂದು ಚಿತ್ರ ಸೇರಿಸಿದರೆ ನಲವತ್ತನೆಯ ಪುಟದ ಸಾಲುಗಳು ಸರಿಯುತ್ತಿದ್ದವು, ಏಕೆಂದು ಕೇಳಬಾರದು. ಸಾಲು ತುಂಬದಿದ್ದಾಗ ಪದವನ್ನು ಒಡೆಯುವ ಅದರ ರೀತಿಯಂತೂ ವಿಲಕ್ಷಣ. ಮೂಲಾಕ್ಷರ ಈ ಸಾಲಿನ ಕೊನೆಗೆ, ಅದರ ಒತ್ತು ಮುಂದಿನ ಸಾಲಿನ ಮೊದಲಿಗೆ, ನಡುವೆ ಒಂದು ಅಡ್ಡಗೆರೆ. ತಾಯಿಯನ್ನು ಒಂದು ದಡದಲ್ಲೂ ಮಗುವನ್ನು ಇನ್ನೊಂದು ದಡದಲ್ಲೂ ಬಿಟ್ಟಂತೆ. ಉದ್ಧರಣ ಚಿಹ್ನೆಗಳನ್ನು ತಾನಾಗಿ ಚೆಂದಗೊಳಿಸುವ ಒಂದು ಸೌಕರ್ಯವಿತ್ತು. ನಮ್ಮ ಫಾಂಟಿನಲ್ಲಿ ಆ ಚಿಹ್ನೆಯ ಮನೆಯಲ್ಲಿ ದೀರ್ಘದ ಗುರುತು ವಾಸವಾಗಿತ್ತಾದ್ದರಿಂದ ದೀರ್ಘಗಳೆಲ್ಲ ಬೇರೇನೋ ಆದವು. ಬೆರಳಚ್ಚಿನ ತಂತ್ರಾಂಶ ಇನ್ನೂ ಜಾಣ: ಪೂರ್ಣವಿರಾಮದ ನಂತರದ ಅಕ್ಷರವನ್ನು ಇಂಗ್ಲಿಷಿನ ಸಣ್ಣಕ್ಷರವೆಂದು ಬಗೆದು ದೊಡ್ಡಕ್ಷರ ಮಾಡುತ್ತಿತ್ತು. ಪ್ರತಿ ವಾಕ್ಯದ ಆರಂಭದಲ್ಲೂ ಹೀಗೆ ಒಂದು ಅನ್ಯ ಅಕ್ಷರ ಬಂದು ಕೂರುತ್ತಿತ್ತು. ಅಧ್ಯಕ್ಷರ ಸಂದೇಶದಲ್ಲಿ ಹೀಗಾಗಿ ಉಂಟಾದ ಒಂದು ಪದವನ್ನು ಇಲ್ಲಿ ಬರೆಯಲಾರೆ. ಕೊನೆಗೆ ಲೇಸರ್ ಮುದ್ರಕದಿಂದ ಟ್ರೇಸಿಂಗ್ ಹಾಳೆಯ ಮೇಲೆ ತೆಗೆದು, ತಪ್ಪಿದ ಒತ್ತುಗಳನ್ನು ಕತ್ತರಿಸಿ ಅಂಟಿಸಿ ಆಫ್‌ಸೆಟ್ಟಿಗೆ ಕೊಟ್ಟೆವು. ಸಂಚಿಕೆ ಸಕಾಲಕ್ಕೆ ಬಂತು. ಎಲ್ಲರೂ ಬೆನ್ನು ತಟ್ಟಿದರು.

ಇವೆಲ್ಲ ತಂತ್ರಾಂಶದ ದೋಷಗಳೆಂದು ನಾವು ಅಂದು ತಿಳಿದೆವು, ಒಂದೊಂದಕ್ಕೂ ಉಪಾಯ ಕಂಡುಕೊಂಡೆವು. ಅವು ಒಂದೇ ರೋಗದ ಲಕ್ಷಣಗಳೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಪುಟವಿನ್ಯಾಸದ ಈ ವಿದ್ಯೆ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ಮ್ಯಾಕಿಂತೋಷ್ ಗಣಕಯಂತ್ರಕ್ಕೆ ಬಂದಾಗ. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಎಂಬ ಹೆಸರು ಆ ಸಂಸ್ಥೆಯ ಪಾಲ್ ಬ್ರೈನರ್ಡ್ ಅವರದು. ಅದು ರೋಮನ್ ಲಿಪಿಗಾಗಿ ಹುಟ್ಟಿದ ವಿದ್ಯೆ. ಒಂದು ಅಕ್ಷರಕ್ಕೆ ಒಂದು ಸಂಖ್ಯೆ, ಒಟ್ಟು 256 ಮನೆ. ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಯವು. ಆದುದರಿಂದ ಫಾಂಟು ಮಾಡಿದವರು ಅಕ್ಷರಗಳನ್ನು ತುಂಡರಿಸಿ, ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟರು. ಹಲವು ಫಾಂಟುಗಳಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ‘ವ’ಕ್ಕೆ ಒಂದು ಕೊಂಬು ಹಚ್ಚಿದರೆ ಅದೇ ‘ಮ’. ‘ಧರ್ಮ’ದಲ್ಲಿ ನಾವು ಉಚ್ಚರಿಸುವ ಕ್ರಮ ಧ, ರ್, ಮ. ಫಾಂಟಿನ ಕ್ರಮದಲ್ಲಿ ಧ, ಮ, ಆಮೇಲೆ ಅರ್ಕಾವತ್ತು. ಕಣ್ಣಿಗೆ ಸರಿ, ಗಣಕಯಂತ್ರಕ್ಕೆ ಅದು ಇಂಗ್ಲಿಷಿನ ಅರ್ಥಹೀನ ಅಕ್ಷರಮಾಲೆ. ಮುಂದೆ ಬಹುವಾಗಿ ಬಳಕೆಗೆ ಬಂದ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಬರೆದು ಫಾಂಟಿನ ಮುಸುಕನ್ನು ಸರಿಸಿ ನೋಡಿ: ‘ಪಿ’ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಒಂದು ‘ಎಸ್’, ‘ಕ್ಯೂ’, ಮತ್ತೊಮ್ಮೆ ‘ಎ’. ನಮ್ಮ ಭಾಷೆಯ ಹೆಸರು ಹೀಗೆ ಕಡತದಲ್ಲಿ ಕೂತಿತ್ತು. ಆ ತಂತ್ರಾಂಶಗಳು ಸಾವಿರಾರು ಜನರಿಗೆ ಕನ್ನಡ ಬೆರಳಚ್ಚು ಕಲಿಸಿದವೆಂಬ ಋಣವನ್ನು ನಾನು ಮರೆತಿಲ್ಲ.

ಆಗ ಬೇರೆ ದಾರಿ ಇರಲಿಲ್ಲವೆಂಬ ಮಾತು ಬರುತ್ತದೆ. ದಾರಿಯ ಗುರುತು ಆಗಲೇ ಇತ್ತು. ಅಕ್ಷರದ ಆಕಾರಕ್ಕಲ್ಲದೆ ಅಕ್ಷರಕ್ಕೇ ಸಂಖ್ಯೆ ಕೊಡಬೇಕೆಂಬ ಇಸ್ಕಿ ಸಂಕೇತವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಲ್ಲಿ ಪ್ರಕಟಿಸಿತ್ತು. ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಅದರದೇ ಮನೆಗಳಿದ್ದವು, ಆ ಮನೆಗಳ ಜೋಡಣೆಯೂ ಇಸ್ಕಿಯನ್ನೇ ಅನುಸರಿಸಿತ್ತು. ಕೇಂದ್ರ ಸರ್ಕಾರದ ನೌಕರನಾಗಿ, ಕಚೇರಿಗೆ ಕೊಳ್ಳುವ ಕುರ್ಚಿಗೂ ಮಾನಕದ ಸಂಖ್ಯೆ ಕೇಳುತ್ತಿದ್ದ ನಾನು, ಭಾಷೆಗೆ ಕೊಂಡ ಸರಕಿನಲ್ಲಿ ಅದನ್ನು ಕೇಳಲಿಲ್ಲ. ಪುಟ ಸುಂದರವಾಗಿ ಬಂದರೆ ಸಾಕೆನಿಸಿತು. ನನ್ನ ದೂರು ಮೊದಲು ನನ್ನ ಮೇಲೆಯೇ.

ಇದರ ಬೆಲೆ ಎಷ್ಟೆಂದು ತಿಳಿದದ್ದು ಕಳೆದ ವರ್ಷ. ನಮ್ಮ ಸಂಘದ ಮೊದಲ ತಲೆಮಾರಿನ ಸದಸ್ಯೆಯೊಬ್ಬರು 1996ರಿಂದ ಎರಡು ವರ್ಷ ಈ ಪತ್ರಿಕೆಯಲ್ಲಿ ತಮ್ಮ ನೆನಪುಗಳನ್ನು ಧಾರಾವಾಹಿಯಾಗಿ ಬರೆದರು. ಹಳಬರಿಗೆ ಜ್ಞಾಪಕವಿರಬಹುದು. ನಿಜಾಮರ ಕಾಲದಲ್ಲಿ ಬೀದರ, ಗುಲ್ಬರ್ಗ, ರಾಯಚೂರುಗಳಿಂದ ರಾಜಧಾನಿಗೆ ಬಂದ ಕನ್ನಡ ಮನೆತನಗಳು, 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳು, ಆಮೇಲೆ 1956ರ ನವೆಂಬರ್ 1. ಆ ದಿನ ಮೂರು ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಸೇರಿದವು. ನಗರದಲ್ಲಿದ್ದವರು ಮನೆಯ ಹೊಸ್ತಿಲು ದಾಟದೆಯೇ ಹೊರನಾಡ ಕನ್ನಡಿಗರಾದರು. ಈ ಸಂಗತಿಯನ್ನು ಅಡುಗೆಮನೆಯ ಕಿಟಕಿಯಿಂದ ಕಂಡು ಬರೆದವರು ಇನ್ನೊಬ್ಬರನ್ನು ನಾನು ಓದಿಲ್ಲ. ಅವರು ತೀರಿಕೊಂಡ ಮೇಲೆ ಅವರ ಮಗಳು ಆ ಬರಹಗಳನ್ನು ಪುಸ್ತಕ ಮಾಡಬೇಕೆಂದು ಸಂಘಕ್ಕೆ ಬಂದರು. ಹಸ್ತಪ್ರತಿ ಇಲ್ಲ; ಅಚ್ಚಾದ ಮೇಲೆ ಹಸ್ತಪ್ರತಿಯನ್ನು ಎಸೆಯುವುದು ನಮ್ಮ ಪದ್ಧತಿಯಾಗಿತ್ತು, ‘ಕಂಪ್ಯೂಟರಿನಲ್ಲಿ ಇದೆಯಲ್ಲ’ ಎಂದು. ಕಚೇರಿಯ ಕಪಾಟಿನಲ್ಲಿ ಎಂಟು ಕಂತುಗಳ ಪೈಕಿ ಆರು ಸಂಚಿಕೆ ಸಿಕ್ಕವು. ಉಳಿದೆರಡನ್ನು ಗೆದ್ದಲು ಓದಿಕೊಂಡಿತ್ತು.

ಕಡತಗಳಿದ್ದವು. ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ಯಾರೋ ಪುಣ್ಯಾತ್ಮರು ಇಳಿಸಿಟ್ಟಿದ್ದರು. ತೆರೆದರೆ ಕಗ್ಗ. ಫಾಂಟು ಮಾಡಿದ ಸಂಸ್ಥೆ ಈಗಿಲ್ಲ. ಕಪ್ಪು ಬೀಗ ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಇದೆ, ಅದನ್ನು ಸಿಕ್ಕಿಸುವ ರಂಧ್ರವಿರುವ ಯಂತ್ರವಿಲ್ಲ. ಅವರ ಸಂಕೇತಪಟ್ಟಿಯನ್ನು ಅವರು ಎಲ್ಲೂ ಪ್ರಕಟಿಸಿರಲಿಲ್ಲ. ಕೊನೆಗೆ, ಅಚ್ಚಾದ ಒಂದು ಕಂತನ್ನು ಎಡಗಡೆಗೂ ಅದರ ಕಡತದ ಕಗ್ಗವನ್ನು ಬಲಗಡೆಗೂ ಇಟ್ಟುಕೊಂಡು ಒಂದೊಂದು ಚಿಹ್ನೆಯ ಎದುರಿಗೆ ಒಂದೊಂದು ತುಂಡಕ್ಷರವನ್ನು ಬರೆಯುತ್ತ ಹೋದೆ, ಶಾಸನ ಓದುವವರು ಮಾಡುವಂತೆ. ವ್ಯತ್ಯಾಸವಿಷ್ಟೆ: ಅವರು ಓದುವ ಕಲ್ಲು ಸಾವಿರ ವರ್ಷದ್ದು, ನನ್ನದು ಮೂವತ್ತು ವರ್ಷವೂ ತುಂಬದ್ದು, ಬರೆದ ಲಿಪಿಕಾರನೂ ನಾನೇ. ಕಚೇರಿ ಮುಗಿಸಿ ಬಂದು ಮೂರು ತಿಂಗಳು ಕೂತೆ. ಸುಮಾರು 200 ಚಿಹ್ನೆಗಳು ಬಿಡಿಸಿಕೊಂಡವು. ಕಳೆದುಹೋದ ಎರಡು ಕಂತುಗಳಲ್ಲಿ ಒಂದು ಪೂರ್ತಿಯಾಗಿ ಮರಳಿತು. ಇನ್ನೊಂದರ ಕಡತ ಫ್ಲಾಪಿಯಲ್ಲಿದ್ದಾಗಲೇ ಕೆಟ್ಟಿದೆ. ಮೊದಲ ಪುಟದ ಹನ್ನೊಂದು ಸಾಲು ಬಿಟ್ಟರೆ ಏನೂ ಇಲ್ಲ.

ಇಷ್ಟಾದ ಮೇಲೂ ನಮ್ಮ ಪತ್ರಿಕೆಯ ಪುಟಗಳು ಇಂದಿಗೂ ಹಳೆಯ ಫಾಂಟಿನಲ್ಲೇ ತಯಾರಾಗುತ್ತಿವೆ. ಲೇಖಕರು ಯೂನಿಕೋಡಿನಲ್ಲಿ, ಅನೇಕರು ಮೊಬೈಲಿನಲ್ಲೇ, ಬರೆದು ಕಳಿಸುತ್ತಾರೆ. ನಾವು ಅದನ್ನು ಹಳೆಯ ಸಂಕೇತಕ್ಕೆ ಇಳಿಸಿ ಪುಟ ಕಟ್ಟುತ್ತೇವೆ. ಜೀವಂತ ಅಕ್ಷರವನ್ನು ಕೊಂದು ಅಲಂಕರಿಸುವ ಈ ಕ್ರಮಕ್ಕೆ ಸಮಿತಿ ಕೊಡುವ ಕಾರಣಗಳನ್ನು ಕೇಳಿದ್ದೇನೆ. ಮುದ್ರಣಾಲಯದವರು ಅದನ್ನೇ ಕೇಳುತ್ತಾರಂತೆ. ಹಣ ಕೊಡುವವರು ನಾವು. ಅವರಿಗೆ ಬೇಕಾದದ್ದು ಪಿಡಿಎಫ್, ಅದರ ಹಿಂದಿನ ಫಾಂಟಿನ ಜಾತಕ ಅವರಿಗೆ ಬೇಡ. ಪಿಡಿಎಫ್ ಇದ್ದರೆ ಸಾಕಲ್ಲವೇ ಎಂದು ಕೋಶಾಧ್ಯಕ್ಷರು ಕೇಳಿದರು. ನಮ್ಮ ಹಳೆಯ ಫಾಂಟಿನ ಪಿಡಿಎಫ್ ತೆರೆದು ‘ರಾಯಚೂರು’ ಎಂದು ಹುಡುಕಲು ಅವರನ್ನೇ ವಿನಂತಿಸಿದೆ. ಸಿಕ್ಕಲಿಲ್ಲ. ಅದು ಅಕ್ಷರದ ಛಾಯಾಚಿತ್ರದಂತೆ. ಕಾಣುತ್ತದೆ, ಕರೆದರೆ ಓಗೊಡುವುದಿಲ್ಲ.

ಅಂದಗೆಡುತ್ತದೆಂಬ ಆಕ್ಷೇಪಕ್ಕೆ ಮಾತ್ರ ಸ್ವಲ್ಪ ಬೆಲೆಯಿದೆ. ಬಹುಕಾಲ ಪುಟವಿನ್ಯಾಸದ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡವನ್ನು ಕೂಡಿಸಲು ಬರುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ತುಂಗಾ ಫಾಂಟು ಬಂದರೂ ಪುಟ ಕಟ್ಟುವವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಅಧಿಕೃತವಾಗಿ ಬೆಂಬಲಿಸಿದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಬಿಟ್ಟಿಯಾಗಿ ಸಿಗುವ ಸ್ಕ್ರೈಬಸ್ ಇಂಥ ಲಿಪಿಗಳನ್ನು ಜೋಡಿಸಲು ಕಲಿತದ್ದು 2017ರ ಪ್ರಾಯೋಗಿಕ ಆವೃತ್ತಿಯಲ್ಲಿ. ಆದುದರಿಂದ 2012ರವರೆಗಿನ ನಮ್ಮ ತಪ್ಪಿಗೆ ಕ್ಷಮೆಯುಂಟು. ಅನಂತರದ್ದಕ್ಕೆ ಸೋಮಾರಿತನವೆಂದಲ್ಲದೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಕಳೆದ ದಸರೆಯ ರಜೆಯಲ್ಲಿ ಮನೆಯ ಯಂತ್ರದಲ್ಲೇ ಹೊಸ ತಂತ್ರಾಂಶವೊಂದರಲ್ಲಿ ಈ ಪತ್ರಿಕೆಯ 16 ಪುಟಗಳನ್ನು ಯೂನಿಕೋಡಿನಲ್ಲಿ ಕಟ್ಟಿ ನೋಡಿದೆ. ಅದೂ ಎರಡು ಬಾರಿ ಕುಸಿಯಿತು. ಒಂದು ಕಡೆ ಒತ್ತು ಮೇಲಿನ ಸಾಲಿಗೆ ತಗುಲಿತು, ಸಾಲುಗಳ ಅಂತರ ಹೆಚ್ಚಿಸಿ ಸರಿಪಡಿಸಿದೆ. ಆದರೆ ಪುಟ ಕೆಟ್ಟರೂ ಪಠ್ಯ ಕೆಡಲಿಲ್ಲ. ಪುಟವನ್ನು ನಾಳೆ ಬೇರೆ ಯಂತ್ರದಲ್ಲಿ ಮತ್ತೆ ಕಟ್ಟಬಹುದು.

ಕರ್ನಾಟಕದೊಳಗಿನ ಪತ್ರಿಕೆಗಳಿಗಿಂತ ನಮಗೆ ಈ ಎಚ್ಚರ ಹೆಚ್ಚು ಬೇಕು. ಅಲ್ಲಿ ಒಂದು ಪ್ರತಿ ಕಳೆದರೆ ಇನ್ನೊಂದು ಗ್ರಂಥಾಲಯದಲ್ಲಿ ಸಿಕ್ಕೀತು. ನಮ್ಮ 300 ಪ್ರತಿಗಳು ವರ್ಗಾವಣೆಯ ಟ್ರಕ್ಕುಗಳಲ್ಲಿ, ಮಾರಿದ ಫ್ಲ್ಯಾಟುಗಳಲ್ಲಿ ಕರಗಿಹೋಗುತ್ತವೆ. ನನ್ನ ಕಚೇರಿಯ ಹಿಂದಿ ವಿಭಾಗಕ್ಕೆ ಯೂನಿಕೋಡಿನಲ್ಲೇ ಕೆಲಸ ಮಾಡಬೇಕೆಂದು ರಾಜಭಾಷಾ ವಿಭಾಗದ ಸೂಚನೆ ಬಂದಿತ್ತು, ಅದರಂತೆ ನಡೆದೂ ಹೋಯಿತು. ಹೊರನಾಡ ಕನ್ನಡಕ್ಕೆ ಸುತ್ತೋಲೆ ಹೊರಡಿಸುವ ಇಲಾಖೆ ಯಾವುದೂ ಇಲ್ಲ. ನಾವೇ ಹೊರಡಿಸಿಕೊಳ್ಳಬೇಕು. ಮುಂದಿನ ಸಂಚಿಕೆಯಿಂದಲೇ ಪತ್ರಿಕೆ ಯೂನಿಕೋಡಿನಲ್ಲಿ ಬರಲಿ, ಅಂದ ಸ್ವಲ್ಪ ಕಡಿಮೆಯಾದರೂ ಸರಿ. ಪ್ರತಿ ಸಂಚಿಕೆಯ ಬರಿಯ ಪಠ್ಯವನ್ನು, ಪುಟವಿನ್ಯಾಸದ ಹಂಗಿಲ್ಲದೆ, ಮೂವರು ಸದಸ್ಯರ ಮನೆಗಳಲ್ಲಿ ಇಡೋಣ. 2003ರಿಂದೀಚಿನ ಸಂಚಿಕೆಗಳ ಸಂಕೇತ ಬಹಿರಂಗವಾಗಿರುವುದರಿಂದ ಅವುಗಳನ್ನು ಪರಿವರ್ತಕದಲ್ಲಿ ಹಾಯಿಸಬಹುದು. ನಡುವೆ ಬಂದ ಇಂಗ್ಲಿಷ್ ಪದಗಳು ಕೆಡುತ್ತವೆ, ಕರಡು ತಿದ್ದುವವರು ಬೇಕು. ತಿಂಗಳಿಗೆ ಒಂದು ಸಂಚಿಕೆಯನ್ನು ನಾನು ತಿದ್ದಿಕೊಡುತ್ತೇನೆ. ಅದಕ್ಕೂ ಹಳೆಯ ಕಡತಗಳಿಗೆ ನಾನು ಮಾಡಿರುವ ಸಂಕೇತಪಟ್ಟಿ ಸಂಘದ ಕಚೇರಿಯಲ್ಲಿದೆ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು.

ಆ ತಾಯಿಯವರ ಪುಸ್ತಕ ಏಳು ಕಂತುಗಳೊಡನೆ ಸಿದ್ಧವಾಗಿ ನಿಂತಿದೆ. ಸಿಗದಿರುವುದು 1997ರ ಯುಗಾದಿ ಸಂಚಿಕೆ, ಹೊದಿಕೆಯಲ್ಲಿ ಚಾರ್‌ಮಿನಾರಿನ ರೇಖಾಚಿತ್ರ, 64 ಪುಟ. ರಾಜ್ಯ ವಿಂಗಡಣೆಯಾದ ರಾತ್ರಿಯ ವಿವರ ಬರುವುದು ಅದರಲ್ಲೇ. ಪುಣೆ, ಮುಂಬಯಿ, ಚೆನ್ನೈ, ಎಲ್ಲಿಗೇ ವರ್ಗವಾಗಿ ಹೋಗಿರಲಿ, ಓದುಗರು ದಯವಿಟ್ಟು ತಮ್ಮ ಅಟ್ಟದ ಪೆಟ್ಟಿಗೆಗಳನ್ನು ಒಮ್ಮೆ ನೋಡಬೇಕು. ಮೂಲಪ್ರತಿ ಬೇಡ, ಆ ಹತ್ತು ಪುಟಗಳ ಚಿತ್ರ ತೆಗೆದು ಸಂಪಾದಕರಿಗೆ ಕಳಿಸಿದರೆ ಸಾಕು.